ಎಡಗೈ ಹೆಬ್ಬೆಟ್ಟು

ತಿಪಟೂರು
೨೦ ಜೂನ್ ೧೯೮೩

ಅರಳಗುಪ್ಪೆಯ ಶಿವಲಿಂಗಯ್ಯ ಯಜಮಾನರಿಗೆ,

ಮೊದಲು ಕ್ಷೇಮ ಸಮಾಚಾರ ಬರೆಯಬೇಕು. ಎರಡು ಸಲ ಪೆನ್ನು ಊರಿದೆ, ಆಗಲಿಲ್ಲ. ವಿಷಯಕ್ಕೇ ಬರುತ್ತೇನೆ. ಎದುರು ಬಂದು ಕೇಳಲು ನನಗೆ ಬಾಯಿ ಬರುವುದಿಲ್ಲ, ಅದು ನಿಮಗೂ ಗೊತ್ತು.

ನಾನು ಬಿ.ಎ. ಪಾಸಾಗಿದ್ದೇನೆ, ಕನ್ನಡ ಸಾಹಿತ್ಯದಲ್ಲಿ. ಕೆಲಸ ಸಿಗುವವರೆಗೆ ತಾಲ್ಲೂಕು ಕಚೇರಿಯ ಮುಂದಿನ ಹೊಂಗೆ ಮರದ ಕೆಳಗೆ ಗಂಗಯ್ಯ ಎಂಬ ಹಿರಿಯರ ಪಕ್ಕ ಕೂತು ಬಂದವರಿಗೆ ಅರ್ಜಿ ಬರೆದುಕೊಡುತ್ತೇನೆ. ಹೋದ ವಾರ ಅವರು, "ಊರೋರ ಅರ್ಜಿನೆಲ್ಲಾ ಬರೀತೀಯ, ನಿಂದೊಂದು ಬರ್ಕೊಳಪ್ಪ. ಕಾಲಿಲ್ಲದೋರಿಗೆ ಸರ್ಕಾರ ತಿಂಗ್ಳು ತಿಂಗ್ಳು ಮಾಸಾಶನ ಕೊಡ್ತೈತೆ" ಎಂದರು. ಬರೆದೆ. ಒಳಗಿನ ಗುಮಾಸ್ತರು ರಿಜಿಸ್ಟರು ತೆರೆದು ನಕ್ಕರು. "ನಿಂಗೆ ನಾಕು ವರ್ಷದಿಂದ ಹೋಗ್ತಾನೇ ಐತಲ್ಲಯ್ಯ!"

ಹೆಸರು ಬೆಟ್ಟಸ್ವಾಮಿ. ವಿಳಾಸ ನಿಮ್ಮ ಮನೆ. ಪಕ್ಕದಲ್ಲಿ ಷರಾ: ಎರಡೂ ಕಾಲು ಪೋಲಿಯೋದಿಂದ ಹೋಗಿವೆ, ಎದ್ದು ಕೂರಲಾರ, ಬುದ್ಧಿ ಬೆಳೆದಿಲ್ಲ, ಸಹಿ ಬಾರದು. ಪ್ರತಿ ಮನಿಯಾರ್ಡರ್ ರಸೀತಿಯ ಮೇಲೂ ಒಂದು ಎಡಗೈ ಹೆಬ್ಬೆಟ್ಟು.

ನನ್ನ ಸಹಿಯನ್ನು ನಾನು ತಿದ್ದಿದ್ದು ನಿಮ್ಮ ಅಟ್ಟದ ತೊಲೆಯ ಮೇಲೆ, ಇದ್ದಲಿನಲ್ಲಿ. ಹತ್ತಿ ನೋಡಿ, ಇನ್ನೂ ಇರುತ್ತದೆ.

ಬಾಲಮಂದಿರದವರು ನನ್ನನ್ನು ಸಾಕಲು ನಿಮಗೆ ಒಪ್ಪಿಸಿದ ದಿನ "ಇವರನ್ನ ಅಪ್ಪ ಅನ್ನು" ಎಂದು ಹೇಳಿ ಜೀಪು ಹತ್ತಿದರು. ಜೀಪಿನ ಧೂಳು ಅಡಗುವ ಮೊದಲೇ ನೀವು "ಯಜಮಾನ್ರೇ ಅನ್ನು" ಎಂದಿರಿ. ಅಂದಿನಿಂದ ಹಾಗೇ ಅನ್ನುತ್ತಿದ್ದೇನೆ.

ಯಜಮಾನರೇ, ಆ ಹೆಬ್ಬೆಟ್ಟು ಯಾರದು?

ಇಂತಿ,
ಬೆಟ್ಟಸ್ವಾಮಿ (ಸಹಿ)


ಅರಳಗುಪ್ಪೆ
೨ ಜುಲೈ ೧೯೮೩

ಬೆಟ್ಟಸ್ವಾಮಿಗೆ ಶಿವಲಿಂಗಯ್ಯ ತಿಳಿಸೋದು.

ಕಾಗದ ಬಂತು. ಪೋಸ್ಟಿನ ಕೆಂಚಪ್ಪ ಕೊಟ್ಟು, "ನಿಮ್ಮ ಅಟ್ಟದ ಹುಡುಗ ಬಿ.ಎ. ಅಂತಲ್ಲ ಗೌಡ್ರೇ" ಅಂತ ಹಲ್ಲು ಬಿಟ್ಟ. ನನಗೂ ಸಂತೋಷ ಆಯ್ತು. ಆಮೇಲೆ ಒಳಗಿದ್ದಿದ್ದು ಓದಿದೆ.

ಲೇ, ಎಂಟು ವರ್ಷ ನಿನಗೆ ಮುದ್ದೆ ಹಾಕಿದೀನಿ ಕಣ್ಲಾ. ಹೆಗಲ ಮೇಲೆ ಹೊತ್ತಿದೀನಿ. ಹೆತ್ತೋರು ಹೊತ್ತಿದ್ರಾ? ಈಗ ಬಿ.ಎ. ಮಾಡಿ ಹೆಬ್ಬೆಟ್ಟು ಕೇಳ್ತೀಯ. ಹೋಗು, ಕಚೇರಿಗೆ ಹೋಗಿ ಬಾಯಿ ಬಿಡು. ಬುದ್ಧಿ ಬೆಳೆದಿಲ್ಲ ಅಂತ ಸರ್ಕಾರದ ದುಡ್ಡು ತಿಂದವನು ಬಿ.ಎ. ಹೆಂಗೆ ಪಾಸು ಮಾಡ್ದ ಅಂತ ಮೊದಲು ನಿನ್ನನ್ನೇ ಕೇಳ್ತಾರೆ. ಹೆಸರು ನಿಂದು, ನಂದಲ್ಲ. ನಾಳೆ ಸರ್ಕಾರಿ ಕೆಲಸದ ಆಸೆ ಇದ್ರೆ ಬಾಯಿಗೆ ಬೀಗ ಹಾಕ್ಕೊ.

ಅದು ಬುಡು. ನೀನು ಹೋದ್ಮೇಲೆ ಅಟ್ಟ ಹಾಳಾಯ್ತು. ಹೋದ ಸಂಕ್ರಾಂತಿಲಿ ಬಾಲಮಂದಿರದೋರು ಇನ್ನೊಂದು ಮಗೂನ ಕೊಟ್ಟವ್ರೆ, ಭೂತಮ್ಮ ಅಂತ, ದಬ್ಬೇಘಟ್ಟದ ಕಡೇದು, ಹತ್ತು ವರ್ಷ. ನಿನ್ನಂಗೇ ಕಾಲಿಲ್ಲ, ಆದ್ರೆ ನಿನ್ನ ಕಿವಿನೂ ಇಲ್ಲ. ಅವಳು ಒಣಗೈತೆ ಅಂದ ಕಾಯಿ ಒಡೆಸಿದ್ರೆ ಅರ್ಧಕ್ಕರ್ಧ ಹಸಿ. ತಿಪಟೂರಲ್ಲಿ ಮಂಡಿಯವನು ಮೂಸಿ ನೋಡಿ ಚೀಲ ಕಾಲಲ್ಲಿ ತಳ್ಳಿದ, ನಾಕು ಜನರ ಮುಂದೆ. ನೀನು ಹೆಂಗೆ ಕೇಳ್ತಿದ್ದೆ ಅಂತ ನಾಕು ಸಾಲು ಬರಿ, ಓದಿ ಹೇಳ್ತೀನಿ. ಉಂಡ ಋಣ ತೀರ್ತದೆ.

ಹುಡುಗ ಹೊಟ್ಟೆಗೆ ಏನು ಮಾಡ್ಕೋತಾನಂತೆ ಅಂತ ಸಿದ್ದಮ್ಮ ಕೇಳ್ತಾ ಅವ್ಳೆ. ಹೆಂಗಸರ ಮಾತು.

ಹಿತೈಷಿ,
ಶಿವಲಿಂಗಯ್ಯ


ತಿಪಟೂರು
೬ ಜುಲೈ ೧೯೮೩

ಪೂಜ್ಯ ಶ್ರೀರಂಗಯ್ಯ ಮೇಷ್ಟ್ರಿಗೆ,

ಬಾಲಮಂದಿರದಲ್ಲಿ ನನಗೆ ಅಕ್ಷರ ಕಲಿಸಿದವರು ನೀವು. ನಿವೃತ್ತಿಯಾಗಿ ಮಾಯಸಂದ್ರದಲ್ಲಿದ್ದೀರಿ ಎಂದು ತಿಳಿಯಿತು. ಇದನ್ನು ಬೇರೆ ಯಾರಿಗೂ ಹೇಳಲಾರೆ, ಅದಕ್ಕೆ ಬರೆಯುತ್ತಿದ್ದೇನೆ. ಶಿವಲಿಂಗಯ್ಯನವರ ಪತ್ರವನ್ನು ನಕಲು ಮಾಡಿ ಒಳಗಿಟ್ಟಿದ್ದೇನೆ. ಮೂಲ ನನ್ನ ಹತ್ತಿರವೇ ಇದೆ. ಇರಬೇಕು.

ಅಟ್ಟದ ವಿಷಯ ನಿಮಗೆ ನಾನು ಯಾವತ್ತೂ ಹೇಳಿರಲಿಲ್ಲ. ಕಾಯಿಯನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ಒಂದು ವರ್ಷ ಬಿಟ್ಟರೆ ಒಳಗಿನ ನೀರು ಇಂಗಿ ಕೊಬ್ಬರಿಯಾಗುತ್ತದೆ. ಒಟ್ಟಿಗೆ ಹಾಕಿದ ಕಾಯಿ ಒಟ್ಟಿಗೆ ಒಣಗುವುದಿಲ್ಲ. ಒಂದೊಂದನ್ನೂ ಕಿವಿಯ ಹತ್ತಿರ ಅಲ್ಲಾಡಿಸಿ ಆರಿಸಬೇಕು. ಆ ಕೆಲಸ ನನ್ನದು. ಬೆಳಗ್ಗೆ ಯಜಮಾನರು ನನ್ನನ್ನು ಹೆಗಲ ಮೇಲೆ ಹಾಕಿಕೊಂಡು ಹತ್ತಿಸಿ, ಏಣಿ ತೆಗೆದುಕೊಂಡು ತೋಟಕ್ಕೆ ಹೋಗುತ್ತಿದ್ದರು. ಮನೆಗೆ ಇದ್ದದ್ದು ಒಂದೇ ಏಣಿ. ಅದು ಮತ್ತೆ ಬರುತ್ತಿದ್ದದ್ದು ದೀಪ ಹಚ್ಚುವ ಹೊತ್ತಿಗೆ. ಹೆಂಚಿನ ಕಾವು, ಸಿಪ್ಪೆಯ ಧೂಳು, ಮೂಲೆಯಲ್ಲಿ ಒಂದು ತಗಡಿನ ಡಬ್ಬ. ಯಜಮಾನರ ಹೆಂಡತಿ ಸಿದ್ದಮ್ಮನವರು ಕೆಳಗಿನಿಂದ ಬೆಲ್ಲದ ಚೂರು ಎಸೆಯುತ್ತಿದ್ದರು. ಗುರಿ ಚೆನ್ನಾಗಿತ್ತು. ಪಕ್ಕದ ಮನೆಯಿಂದ ಏಣಿ ತಂದು ಇಡುವುದು ಮಾತ್ರ ಎಂಟು ವರ್ಷದಲ್ಲಿ ಒಂದು ದಿನವೂ ಅವರಿಗೆ ಹೊಳೆಯಲಿಲ್ಲ. ಬಾಲಮಂದಿರದಿಂದ ಯಾರಾದರೂ ಬರುವ ದಿನ ಮತ್ತು ಪರೀಕ್ಷೆಯ ದಿನ ನಾನು ಶಾಲೆಯಲ್ಲಿರುತ್ತಿದ್ದೆ.

ಈಗ ಅಲ್ಲಿ ಒಂದು ಹುಡುಗಿ ಇದ್ದಾಳೆ.

ಮೇಷ್ಟ್ರೇ, ನಾನು ಬರಿ ಬಾಯಲ್ಲಿ ದೂರು ಕೊಟ್ಟರೆ ಅವರು ಊಟ ಹಾಕಿಸಿ, ಕೈ ಮುಗಿದು, ಏನೋ ಒಂದು ದಂಡ ಕಟ್ಟಿ ಮೀಸೆ ತಿರುವಿಕೊಂಡು ಹೊರಗೆ ಬರುತ್ತಾರೆ. ಅದು ನನಗೆ ಸಾಲದು. ಅವರು ಹೆಬ್ಬೆಟ್ಟಿನವರಲ್ಲ, ದುಂಡಗಿನ ಅಕ್ಷರ, ಬಾಲ ಬಿಟ್ಟ ಸಹಿ. ಬರೆಯುವುದೆಂದರೆ ಇಷ್ಟ. ನಾನು ಸೋತವನಂತೆ ಬರೆದರೆ ಅವರು ಗೆದ್ದವರಂತೆ ಬರೆಯುತ್ತಾರೆ. ಮಾಡಿದ್ದನ್ನೆಲ್ಲ ಅವರ ಕೈಯಲ್ಲೇ ಬರೆಸುತ್ತೇನೆ. ಭೂತಮ್ಮನ ಹೆಸರಿನ ಸುಳ್ಳು ಅರ್ಜಿಗೂ ಅವರ ಸಹಿ ಹಾಕಿಸಿ, ಎಲ್ಲವನ್ನೂ ಒಟ್ಟಿಗೆ ತಹಶೀಲ್ದಾರ್ ಸಾಹೇಬರ ಮುಂದೆ ಇಡುತ್ತೇನೆ. ಅರಳಗುಪ್ಪೆ ನೋಡುತ್ತಿರುವಾಗ.

ಆಶೀರ್ವದಿಸಿ.
ನಿಮ್ಮ ಶಿಷ್ಯ,
ಬೆಟ್ಟಸ್ವಾಮಿ


ಮಾಯಸಂದ್ರ
೧೩ ಜುಲೈ ೧೯೮೩

ಚಿರಂಜೀವಿ ಬೆಟ್ಟಸ್ವಾಮಿಗೆ,

ಕಣ್ಣಿನ ಪೊರೆ ತೆಗೆದು ಪಟ್ಟಿ ಕಟ್ಟಿದ್ದಾರೆ. ಮೊಮ್ಮಗಳು ಓದಿದಳು, ಅವಳೇ ಬರೆಯುತ್ತಿದ್ದಾಳೆ. ಅಟ್ಟದ ಸಾಲುಗಳನ್ನು ಅವಳ ಕೈಯಲ್ಲಿ ಎರಡು ಸಲ ಓದಿಸಿದೆ. ನಿನ್ನನ್ನು ಆ ಮನೆಗೆ ಕಳಿಸುವ ಕಾಗದಕ್ಕೆ ನಾನೂ ರುಜು ಹಾಕಿದ್ದೆ. ಆ ಮಾತು ಇನ್ನೊಂದು ದಿನ.

ನಿನ್ನ ಕನ್ನಡ ಚೆನ್ನಾಗಿದೆ. ಭಯವಾಗುವಷ್ಟು ಚೆನ್ನಾಗಿದೆ. ಆದರೆ ಮಗು ಇವತ್ತೂ ಮೇಲಿದೆ. ನಾಳೆಯೇ ಕಚೇರಿಗೆ ಹೋಗು. ಸಾಕ್ಷಿ ಕಮ್ಮಿ ಬಿದ್ದರೆ ಬೀಳಲಿ. ಶಿವಲಿಂಗಯ್ಯ ತಪ್ಪಿಸಿಕೊಂಡರೆ ತಪ್ಪಿಸಿಕೊಳ್ಳಲಿ. ಮೊದಲು ಏಣಿ, ಆಮೇಲೆ ಹಗ್ಗ. ನನಗೆ ಕಣ್ಣಿದ್ದಿದ್ದರೆ ಇಷ್ಟು ಹೊತ್ತಿಗೆ ನಾನೇ ಬಸ್ಸು ಹತ್ತಿರುತ್ತಿದ್ದೆ.

ಶ್ರೀರಂಗಯ್ಯ


ತಿಪಟೂರು
೧೮ ಜುಲೈ ೧೯೮೩

ಯಜಮಾನರಿಗೆ ಬೆಟ್ಟಸ್ವಾಮಿ ಮಾಡುವ ನಮಸ್ಕಾರಗಳು.

ನನ್ನ ಹಿಂದಿನ ಪತ್ರವನ್ನು ಒಲೆಗೆ ಹಾಕಿಬಿಡಿ. ಓದಿದ ಸೊಕ್ಕಿನಲ್ಲಿ ಬರೆದೆ. ನೀವು ಹೇಳಿದ್ದು ಸರಿ, ಹೆಸರು ನನ್ನದು, ಮುಳುಗುವವನೂ ನಾನೇ.

ಭೂತಮ್ಮನಿಗೆ ಓದಿ ಹೇಳಿ. ಕಾಯಿಯನ್ನು ಎರಡೂ ಕೈಯಲ್ಲಿ ಹಿಡಿದು ಕಿವಿಯ ಹತ್ತಿರ ಅಲ್ಲಾಡಿಸಬೇಕು. ನೀರು ಕುಲುಕಿದರೆ ಹಸಿ. ಒಳಗೆ ಉಂಡೆ ಲೊಟ ಲೊಟ ಎಂದು ಉರುಳಿದರೆ ಒಣಗಿದೆ. ಇವೆರಡೂ ಎಲ್ಲರಿಗೂ ಗೊತ್ತು. ಮೋಸ ಹೋಗುವುದು ನಡುವಿನದರಲ್ಲಿ. ನೀರು ಇಂಗಿರುತ್ತದೆ, ಕೊಬ್ಬರಿ ಇನ್ನೂ ಚಿಪ್ಪು ಬಿಟ್ಟಿರುವುದಿಲ್ಲ, ಸದ್ದೇ ಇರುವುದಿಲ್ಲ. ಸದ್ದಿಲ್ಲ ಎಂದರೆ ಮುಗಿಯಿತು ಎಂದುಕೊಂಡು ಒಡೆಯುತ್ತಾರೆ. ಸದ್ದಿಲ್ಲದ ಕಾಯಿಯನ್ನು ನಂಬಬಾರದು. ಪಕ್ಕಕ್ಕಿಟ್ಟು ಕಾಯಬೇಕು.

ಇನ್ನೊಂದು ಮಾತು. ಆ ಹುಡುಗಿಯ ಹೆಸರಿನಲ್ಲೂ ಮಾಸಾಶನ ಬರಬಹುದಲ್ಲ? ಅರ್ಜಿ ನಾನೇ ಬರೆದುಕೊಡುತ್ತೇನೆ, ಕೂಲಿ ಬೇಡ. ನನ್ನದನ್ನು ಹೇಗೆ ಬರೆಸಿದ್ದಿರಿ, ವೈದ್ಯರ ಸರ್ಟಿಫಿಕೇಟು ಹೇಗಾಯಿತು, ರಸೀತಿಗೆ ಹೇಗೆ ಮಾಡಿದಿರಿ, ಎಲ್ಲ ವಿವರವಾಗಿ ತಿಳಿಸಿದರೆ ಇದೂ ಹಾಗೇ ಮಾಡೋಣ. ಎರಡು ಅರ್ಜಿಗಳ ನಡುವೆ ತಾಳೆ ತಪ್ಪಬಾರದು.

ನಿಮ್ಮ ಅನ್ನ ಉಂಡ,
ಬೆಟ್ಟಸ್ವಾಮಿ


ಅರಳಗುಪ್ಪೆ
೧೦ ಆಗಸ್ಟ್ ೧೯೮೩

ಚಿ. ಬೆಟ್ಟಸ್ವಾಮಿಗೆ,

ಈಗ ಸರಿಯಾಗಿ ಬರೆದಿದ್ದೀಯ. ನಿನ್ನ ಕಾಗದ ಓದಿ ಹೇಳ್ದೆ. ಹುಡುಗಿ "ಇದು ಬರೆದೋರು ಯಾರು, ಈ ಅಟ್ಟದಲ್ಲೇ ಇದ್ರಾ" ಅಂತ ಕೇಳ್ತು. ಹೂಂ, ನಿನ್ನ ಅಟ್ಟದ ಅಣ್ಣ ಅಂದೆ. ಈಗ ಕಾಯಿ ಆರಿಸೋದು ಸುಮಾರಾಗಿ ಬರ್ತಾ ಐತೆ.

ನಿನ್ನ ಅರ್ಜಿ ವಿಷಯ. ಡಾಕ್ಟ್ರಿಗೆ ನಿನ್ನ ತೋರಿಸ್ಲೇ ಇಲ್ಲ. ಒಂದು ಮಂಕರಿ ಎಳನೀರು, ಎರಡು ಡಜನ್ ಕೊಬ್ಬರಿ ತಗಂಡು ಹೋಗಿ, ಹುಡುಗ ಎದ್ದು ಕೂರಲ್ಲ, ಜೊಲ್ಲು ಸುರಿಸ್ತದೆ ಅಂದೆ. ಅಳು ಬಂದಂಗೆ ಮುಖ ಮಾಡ್ದೆ. ಬರ್ಕೊಟ್ರು. ಮನಿಯಾರ್ಡರು ಬಂದ ದಿನ ಕೆಂಚಪ್ಪ ಜಗಲಿ ಮೇಲೆ ಕೂತು ಕಾಫಿ ಕುಡೀತಾನೆ, ನಾನು ನನ್ನ ಎಡಗೈ ಹೆಬ್ಬೆಟ್ಟು ಒತ್ತೀನಿ. ಅವನಿಗೆ ಎರಡು ರೂಪಾಯಿ. ಸಹಿ ಮಾಡೋ ಕೈನೇ ಬೇರೆ, ಹೆಬ್ಬೆಟ್ಟು ಒತ್ತೋ ಕೈನೇ ಬೇರೆ, ಯಾರಿಗೆ ಗೊತ್ತಾಯ್ತದೆ? ನೀನು ಹಾಸ್ಟೆಲಿಗೆ ಹೋದ್ಮೇಲೂ ಹಂಗೇ ನಡೀತು. ಇದೇನು ಕದ್ದಿದ್ದಲ್ಲ, ನಿನ್ನ ಸಾಕಿದ್ದಕ್ಕೆ ಬಂದಿದ್ದು.

ಭೂತಮ್ಮನಿಗೂ ಹಂಗೇ ಬರಿ. ಬುದ್ಧಿ ಇಲ್ಲ ಅಂತ ಮರೀಬೇಡ. ಅದು ನಾಕನೇ ಕ್ಲಾಸು ಓದೈತೆ, ಅದನ್ನ ಬರೀಬೇಡ.

ಶಿವಲಿಂಗಯ್ಯ


ಮಾಯಸಂದ್ರ
೨ ಸೆಪ್ಟೆಂಬರ್ ೧೯೮೩
(ಅಂಚೆ ಕಾರ್ಡು)

ಬೆಟ್ಟಸ್ವಾಮಿ, ಉತ್ತರವಿಲ್ಲ. ಕಣ್ಣು ಇನ್ನೂ ಸರಿಯಾಗಿಲ್ಲ, ದಿನವೂ ಅಂಚೆಯವನನ್ನು ಕೇಳುತ್ತೇನೆ. ಮಗು ಇಳಿಯಿತೆ?

ಶ್ರೀರಂಗಯ್ಯ


ಅರಳಗುಪ್ಪೆ
೧೪ ಅಕ್ಟೋಬರ್ ೧೯೮೩

ಚಿ. ಬೆಟ್ಟಸ್ವಾಮಿಗೆ,

ಅರ್ಜಿ ತಡ ಆಗಿದ್ದು ಒಳ್ಳೇದೇ ಆಯ್ತು. ಹೋದ ಶುಕ್ರವಾರ ಹುಡುಗಿ ತಾನೇ ಇಳೀತೀನಿ ಅಂತ ಸಿಪ್ಪೆ ಹಗ್ಗ ತೊಲೆಗೆ ಕಟ್ಟಿ ಜೋತು ಬಿದ್ದೈತೆ. ಯಾಕೆ ಅಂದ್ರೆ ಹೊಟ್ಟೆ ನೋವಿತ್ತಂತೆ, ಕೂಗಿದ್ರೆ ಯಾರೂ ಬರ್ಲಿಲ್ಲವಂತೆ. ನಾನು ತೋಟದಲ್ಲಿ, ಸಿದ್ದಮ್ಮ ಕೆರೆ ಹತ್ರ. ಬಲಗೈ ಮೊಣಕೈ ಹತ್ರ ಮುರೀತು. ನಾಟಿ ವೈದ್ಯ ಮರುಳಸಿದ್ದಯ್ಯನ ಕೈಲಿ ಪಟ್ಟು ಹಾಕಿಸಿದೀನಿ. ಸೊಟ್ಟ ಕೂತ್ಕೊಂಡೈತೆ, ಇನ್ನು ನೆಟ್ಟಗಾಗಲ್ಲ ಅಂದ.

ನಿನಗೆ ಯಾಕೆ ಬರೆದೆ ಅಂದ್ರೆ, ಅರ್ಜಿಲಿ ಕೈನೂ ಇಲ್ಲ ಅಂತ ಸೇರಿಸು. ಇದೊಂದು ನಿಜಾನೇ ಆಯ್ತಲ್ಲ.

ಸಿದ್ದಮ್ಮ ನಾಕು ದಿನದಿಂದ ನನ್ನ ಕೂಡ ಮಾತಾಡಲ್ಲ. ಹಬ್ಬದ ಹೊತ್ತಿಗೆ ಸರಿಹೋಯ್ತಾಳೆ ಬುಡು.

ಶಿವಲಿಂಗಯ್ಯ


ತಿಪಟೂರು
೧೮ ಅಕ್ಟೋಬರ್ ೧೯೮೩

ಯಜಮಾನರಿಗೆ ನಮಸ್ಕಾರಗಳು.

ಸೇರಿಸಿದ್ದೇನೆ.

ಅರ್ಜಿ ಸಿದ್ಧವಾಗಿದೆ. ಸಾಕುವವರು ಎಂಬಲ್ಲಿ ನಿಮ್ಮ ಸಹಿ ಬೇಕು, ಹೆಬ್ಬೆಟ್ಟು ನಡೆಯುವುದಿಲ್ಲ. ದೀಪಾವಳಿ ಕಳೆದ ಮೇಲೆ ಮಂಡಿಗೆ ಬಂದಾಗ ಹೊಂಗೆ ಮರದ ಹತ್ತಿರ ಬನ್ನಿ. ಅಟ್ಟದ ಕಾಯಿ ಇಳಿಸುವುದು ಯಾವ ದಿನ ಎಂದೂ ತಿಳಿಸಿ. ನನಗೂ ಒಮ್ಮೆ ನೋಡಬೇಕೆನ್ನಿಸಿದೆ.

ಬೆಟ್ಟಸ್ವಾಮಿ


ಅರಳಗುಪ್ಪೆ
೧೫ ನವೆಂಬರ್ ೧೯೮೩

ಚಿ. ಬೆಟ್ಟಸ್ವಾಮಿಗೆ,

ಮೊನ್ನೆ ನಿನ್ನ ನೋಡಿ ಖುಷಿ ಆಯ್ತು. ಬಡಕಲಾಗಿದ್ದೀಯ. ಅರ್ಜಿ ಚೆನ್ನಾಗಿ ಬರೆದಿದ್ದೀಯ ಕಣಪ್ಪ, ಸಹಿ ಹಾಕುವಾಗ ನನಗೇ ಆ ಹುಡುಗಿ ಮೇಲೆ ಅಯ್ಯೋ ಅನ್ನಿಸ್ತು. ನೀನು ಮಾತೇ ಆಡಲ್ಲವಲ್ಲ, ಮೊದಲಿಂದ ಹಂಗೇ. ನಿನ್ನ ಮನಸಲ್ಲಿ ಏನೂ ಉಳಿದಿಲ್ಲ ಅಂತ ನನಗೂ ಸಮಾಧಾನ.

ಬರೋ ಸೋಮವಾರ, ಇಪ್ಪತ್ತೊಂದನೇ ತಾರೀಕು ಕಾಯಿ ಇಳಿಸ್ತೀವಿ. ಸುಲಿಯೋರು ಬರ್ತಾರೆ. ಹುಡುಗೀನ ಬೆಳಗ್ಗೇನೇ ಹತ್ತಿಸ್ತೀನಿ, ಒಂದು ಕೈಲೇ ಆರಿಸಿ ಬಾಗಲಿಗೆ ತಳ್ಳಲಿ. ಏಣಿ ತೋಟದಲ್ಲಿ ಬೇಕು, ಅಲ್ಲಿಗೆ ಹೋಯ್ತದೆ. ನೀನೂ ಬಾ, ಊಟ ಇಲ್ಲೇ. ಒಬ್ಬಟ್ಟು ಮಾಡಿಸ್ತೀನಿ.

ಶಿವಲಿಂಗಯ್ಯ


ತಿಪಟೂರು
೨೮ ನವೆಂಬರ್ ೧೯೮೩

ಶಿವಲಿಂಗಯ್ಯನವರೇ,

ಊಟಕ್ಕೆ ಕರೆದಿದ್ದಿರಿ. ಉಣ್ಣದೆ ಬಂದದ್ದಕ್ಕೆ ಕ್ಷಮೆ ಕೇಳುವುದಿಲ್ಲ.

ಆ ದಿನ ನಡೆದದ್ದು ನಿಮಗೆ ಗೊತ್ತೇ ಇದೆ. ಆದರೂ ಬರೆಯುತ್ತೇನೆ, ನನಗೆ ಬರೆಯಬೇಕು. ಜೀಪು ನಿಮ್ಮ ಬಾಗಿಲಿಗೆ ಬಂದಾಗ ಸುಲಿಯುವವರು ಕೈ ನಿಲ್ಲಿಸಿದರು. ನೀವು ಜೀಪಿನಲ್ಲಿ ಮೊದಲು ನನ್ನನ್ನು ಕಂಡಿರಿ. ನಕ್ಕು "ಬಂದ್ಯೇನ್ಲಾ" ಎಂದಿರಿ. ಆಮೇಲೆ ನನ್ನ ಹಿಂದೆ ಸಾಹೇಬರು ಇಳಿದರು. ಸಾಹೇಬರು "ಮಗು ಎಲ್ರೀ" ಎಂದರು. "ಶಾಲೇಲಿ ಐತೆ ಸಾಮಿ" ಎಂದಿರಿ. ಆಗ ಅಟ್ಟದ ಬಾಗಿಲಿನಿಂದ ಒಂದು ಕಾಯಿ ಉರುಳಿ ನಿಮ್ಮ ಕಾಲ ಹತ್ತಿರ ಬಿತ್ತು. ಲೊಟ ಲೊಟ ಎಂದಿತು. ಆ ಸದ್ದು ನನಗೆ ಸಾಯುವವರೆಗೆ ಸಾಕು.

ಸಾಹೇಬರು ನಿಮ್ಮ ಜಗಲಿಯ ಮೇಲೆ ಕೂತು ನಿಮ್ಮ ಪತ್ರಗಳನ್ನೂ ನಾನು ಇಟ್ಟುಕೊಂಡಿದ್ದ ನನ್ನ ಪತ್ರಗಳ ನಕಲನ್ನೂ ಒಂದೊಂದಾಗಿ, ತಾರೀಕು ಸಮೇತ, ಎಲ್ಲರಿಗೂ ಕೇಳುವಂತೆ ಓದಿದರು. ನಿಮ್ಮ ದುಂಡಗಿನ ಅಕ್ಷರ, ಓದಲು ಎಲ್ಲೂ ತೊಡಕಾಗಲಿಲ್ಲ. ಎಳನೀರಿನ ಮಂಕರಿಯ ಸಾಲು ಬಂದಾಗ ಸುಲಿಯುವವರಲ್ಲಿ ಯಾರೋ ಕಿಸಕ್ಕೆಂದರು. ಕೈ ಮುರಿದ ಸಾಲು ಬಂದಾಗ ಯಾರೂ ನಗಲಿಲ್ಲ. ಸಿದ್ದಮ್ಮನವರು ಪಕ್ಕದ ಮನೆಯಿಂದ ಏಣಿ ತಂದು ಗೋಡೆಗೆ ಆನಿಸಿದರು. ಅದಕ್ಕೆ ಅವರಿಗೆ ಒಂದು ಜೀಪು ಬೇಕಾಯಿತು.

ಮಹಜರಿ‌ಗೆ ನೀವು ಸಹಿ ಹಾಕಲು ಪೆನ್ನು ಕೇಳಿದಿರಿ. ರಸೀತಿಗಳ ಜೊತೆ ಹೋಲಿಸಿ ನೋಡಬೇಕು, ಎಡಗೈ ಕೊಡಿ ಎಂದರು ಸಾಹೇಬರು. ಶಾಯಿಯ ಪ್ಯಾಡನ್ನು ನಾನೇ ಕೇಳಿ ಹಿಡಿದುಕೊಂಡಿದ್ದೆ. ನಿಮ್ಮ ಹೆಬ್ಬೆಟ್ಟನ್ನು ನಾನೇ ಹಿಡಿದು ಒತ್ತಿದೆ. ಒಂದು ಸಲ ಸಾಕಾಗಿತ್ತು. ನಾನು ಮೂರು ಸಲ ಒತ್ತಿದೆ.

ಹೆಸರು ನನ್ನದು, ನಿಜ. ನನ್ನನ್ನೂ ವಿಚಾರಣೆಗೆ ಕರೆದಿದ್ದಾರೆ. ಸರ್ಕಾರಿ ಕೆಲಸ ಸಿಗದೆ ಹೋದರೆ ಹೊಂಗೆ ಮರ ಇದ್ದೇ ಇದೆ. ಇನ್ನು ಯಾವ ಮಗುವನ್ನೂ ನಿಮ್ಮ ಮನೆಗೆ ಕೊಡುವುದಿಲ್ಲ ಎಂದು ಬರೆದುಕೊಂಡರು. ಅಟ್ಟದಲ್ಲಿ ಉಳಿದ ಕಾಯಿಯನ್ನು ನೀವೇ ಹತ್ತಿ ಅಲ್ಲಾಡಿಸಿಕೊಳ್ಳಿ. ಏಣಿಯನ್ನು ಯಾರ ಕೈಗೂ ಕೊಡಬೇಡಿ.

ಸದ್ದಿಲ್ಲದ ಕಾಯಿಯನ್ನು ನಂಬಬಾರದು ಎಂದು ಜುಲೈ ತಿಂಗಳಲ್ಲೇ ನಿಮಗೆ ಬರೆದಿದ್ದೆ. ಓದಿ ಹೇಳಿದವರೂ ನೀವೇ.

ಬೆಟ್ಟಸ್ವಾಮಿ, ಬಿ.ಎ.


ಬಾಲಮಂದಿರ
೧೯ ಡಿಸೆಂಬರ್ ೧೯೮೩

ಅಟ್ಟದ ಅಣ್ಣನಿಗೆ ಭೂತಮ್ಮ ಮಾಡುವ ನಮಸ್ಕಾರಗಳು.

ಅಕ್ಷರ ಸೊಟ್ಟ ಇದಾವೆ, ಬೈಬೇಡಿ. ಎಡಗೈಲಿ ಬರೀತಾ ಇದೀನಿ. ಇಲ್ಲಿ ಟೀಚರ್ ದಿನಾ ಒಂದು ಪುಟ ಬರಿಸ್ತಾರೆ. ಬಲಗೈ ಬಾಯಿ ಹತ್ರ ಬರಲ್ಲ, ಊಟಾನೂ ಎಡಗೈಲೇ. ಮೊದಲು ಎಲ್ಲಾ ನಗೋರು, ಈಗ ಅಭ್ಯಾಸ ಆಗೈತೆ. ನನಗೆ ನಿಜವಾದ ಅರ್ಜಿ ಬರೆದಿದಾರೆ. ದುಡ್ಡು ಬಂದ್ರೆ ನನ್ನ ಹೆಸರಲ್ಲೇ ಪೋಸ್ಟಾಫೀಸಲ್ಲಿ ಇಡ್ತಾರಂತೆ. ಸಹಿನೂ ಕಲಿತೆ.

ಶ್ರೀರಂಗಯ್ಯ ತಾತ ಬಂದಿದ್ರು, ಕಪ್ಪು ಕನ್ನಡಕ ಹಾಕ್ಕೊಂಡು. ನನ್ನ ಕೈ ಮುಟ್ಟಿ ಮುಟ್ಟಿ ನೋಡಿದ್ರು. ನಿಮ್ಮ ಮಾತು ಎತ್ತಿದ್ರೆ ಬಸ್ಸಿಗೆ ಹೊತ್ತಾಯ್ತು ಅಂತ ಎದ್ರು.

ಸಿದ್ದಮ್ಮವ್ವನೂ ಒಂದಿನ ಬಂದಿತ್ತು, ಬೆಲ್ಲ ತಂದಿತ್ತು. ನಾನು ತಗಂಡೆ. ಅವ್ವ ಅಳ್ತು. ನಾನು ಅಳಲಿಲ್ಲ.

ಅಣ್ಣ, ನಿಮ್ಮನ್ನ ಒಂದು ಕೇಳಬೇಕು. ನೀವು ಮೂರು ಥರದ ಕಾಯಿ ಹೇಳಿಕೊಟ್ಟ ಕಾಗದ ಯಜಮಾನ್ರು ಓದಿದ ದಿನ ನನಗೆ ಬಾಳ ಖುಷಿ ಆಗಿತ್ತು. ತೊಲೆ ಮೇಲೆ ನಿಮ್ಮ ಹೆಸರು ಹುಡುಕಿದೆ, ಸಿಕ್ತು. ಕೆಳಗೆ ನಂದೂ ಬರೆದೆ, ಬಲಗೈಲಿ. ಇದನ್ನ ಬರೆದೋರು ಇಲ್ಲೇ ಇದ್ದೋರು, ಅವರಿಗೆ ಗೊತ್ತೈತೆ, ಇವತ್ತು ಬರ್ತಾರೆ ನಾಳೆ ಬರ್ತಾರೆ ಅಂತ ದಿನಾ ಬಾಗಲ ಹತ್ರ ಕೂತು ರಸ್ತೆ ನೋಡ್ತಿದ್ದೆ. ಬಸ್ಸು ನಿಂತ ಸದ್ದು ಕೇಳಿದ್ರೆ ಕಾಯಿ ಕೆಳಗಿಡ್ತಿದ್ದೆ.

ಆಮೇಲೆ ಜೀಪು ಬಂದ ದಿನ ಸಾಹೇಬ್ರು ಕಾಗದ ಓದುವಾಗ ತಾರೀಕೂ ಓದಿದ್ರು. ಮೇಲಿಂದ ಎಲ್ಲಾ ಕೇಳಿಸ್ತಿತ್ತು. ನಾನು ಬೆರಳು ಮಡಿಚಿ ಎಣಿಸ್ದೆ. ನೀವು ಆ ಕಾಗದ ಬರೆದಿದ್ದು ಜುಲೈನಲ್ಲಿ. ನಾನು ಬಿದ್ದಿದ್ದು ಅಕ್ಟೋಬರ್‌ನಲ್ಲಿ.

ನನ್ನ ಕೈ ಚೆನ್ನಾಗಿದ್ದಾಗಲೇ ಯಾಕೆ ಬರಲಿಲ್ಲ ಅಣ್ಣ?

ಇಂತಿ,
ಭೂತಮ್ಮ (ಸಹಿ)